ಕೆಂಪು ದೀಪದ ಕೋಣೆ

ಅಕ್ಕ ಕಣ್ಣು ಪೂರ್ತಿ ಬಿಟ್ಟು ಕೂರುತ್ತಿದ್ದ ಜಾಗ ಅಂಕೋಲೆಯಲ್ಲಿ ಒಂದೇ ಇತ್ತು, ನನ್ನ ಸ್ಟುಡಿಯೋದ ಹಿಂದಿನ ಡಾರ್ಕ್‌ರೂಮು. ಕೆಂಪು ಬಲ್ಬಿನ ಮಬ್ಬಿನಲ್ಲಿ ಮೂಗು ಟ್ರೇಗೆ ತಾಗುವಷ್ಟು ಬಗ್ಗಿ, ಡೆವಲಪರಿನಲ್ಲಿ ಮೂಡುತ್ತಿದ್ದ ಮುಖಗಳ ಗುರುತು ಹೇಳುತ್ತಿದ್ದಳು. “ಇವ ಮಾಸ್ತರರ ಮೊಮ್ಮಗ ಅಲ್ವನಾ?” ಬಂಡಿಹಬ್ಬದ ಮಾರನೇ ದಿನ ತೊಳೆದು ಒಣಗಿಸಬೇಕಾದ ಪ್ರಿಂಟುಗಳು ರಾಶಿ ಬೀಳುತ್ತಿದ್ದವು, ಅರ್ಧ ಕೆಲಸ ಅವಳದೇ. ಹೊರಗೆ ಬಿಸಿಲಿಗೆ ಕಾಲಿಟ್ಟಳೆಂದರೆ ಅದೇ ಕಣ್ಣು ಗೆರೆಯಾಗಿಬಿಡುತ್ತಿತ್ತು.

ಅಕ್ಕ ಹುಟ್ಟಿದ್ದೇ ಬೆಳ್ಳಗೆ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಒಣಹುಲ್ಲಿನ ಬಣ್ಣ. ಮೈಗೂ ಕಣ್ಣಿಗೂ ಬಣ್ಣ ಕೊಡುವ ಮೆಲನಿನ್ ದೇಹದಲ್ಲಿ ತಯಾರಾಗದಿದ್ದರೆ ಹೀಗಾಗುತ್ತದೆ. ಅಪ್ಪ, ಆಯಿ ಇಬ್ಬರಲ್ಲೂ ಆ ಜೀನು ಅಡಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ತೊನ್ನಲ್ಲ, ಅಂಟುವುದೂ ಇಲ್ಲ. ಇಷ್ಟು ತಿಳಿಯುವಷ್ಟರಲ್ಲಿ ನನಗೆ ಐವತ್ತು ದಾಟಿತ್ತು. ಅಲ್ಲಿಯವರೆಗೆ ಶಾಲೆಯ ಹುಡುಗರಿಗೆ ಅವಳು ‘ಬಿಳಿ ಜಿರಲೆ’. ಗೋಕರ್ಣಕ್ಕೆ ಹೋದರೆ ಅಂಗಡಿಯವರು ಇಂಗ್ಲಿಷಿನಲ್ಲಿ ದರ ಹೇಳುತ್ತಿದ್ದರು.

‘ಆಲ್ಬಿನೊ’ ಎಂಬ ಮಾತು ಪೋರ್ಚುಗೀಸರದು. ಆಫ್ರಿಕದ ಕರಾವಳಿಯಲ್ಲಿ ಕಂಡ ಬೆಳ್ಳನೆಯ ಜನರನ್ನು ಅವರು ಹಾಗೆ ಕರೆದರು. ಕಾರವಾರದ ಎದುರಿನ ಅಂಜುದೀವ್ ನಡುಗಡ್ಡೆ 1961ರವರೆಗೂ ಅವರ ಕೈಯಲ್ಲಿತ್ತು. ಪಾದ್ರಿ, ಇಸ್ತ್ರಿ, ಅಲಮಾರು ಎಲ್ಲ ಅವರಿಂದಲೇ ನಮ್ಮ ಬಾಯಿಗೆ ಬಂದವು. ಈ ಒಂದು ಮಾತು ಮಾತ್ರ ನಮ್ಮ ಮನೆಗೆ ಬಂದದ್ದು ತೀರಾ ತಡವಾಗಿ, ಕಣ್ಣಿನ ಡಾಕ್ಟರರ ಚೀಟಿಯಲ್ಲಿ.

ನಾನು ಕೆಲಸ ಕಲಿತದ್ದು ಎಪ್ಪತ್ತರ ದಶಕದ ಕಾರವಾರದಲ್ಲಿ. ಎರಡು ಬದಿಯಲ್ಲಿ ಐನೂರು ವ್ಯಾಟಿನ ಬಲ್ಬು, ನಡುವೆ ಸ್ಟೂಲು, ಹಿಂದೆ ಪರದೆ. ಬಂದವರೆಲ್ಲರಿಗೂ ಅದೇ ಬೆಳಕು. ಅಂಕೋಲೆಯಲ್ಲಿ ನನ್ನದೇ ಅಂಗಡಿ ಹಾಕಿದ ವರ್ಷ, ಗಂಡಿನ ಕಡೆಗೆ ಕಳಿಸಲಿಕ್ಕೆ ಅಕ್ಕನ ಫೋಟೋ ತೆಗೆಯೆಂದು ಅಪ್ಪ ಹೇಳಿದರು. ಆ ಬೆಳಕಿನಲ್ಲಿ ಅವಳ ಕಣ್ಣಿಂದ ನೀರು ಇಳಿಯಿತು. “ಕಣ್ಣು ಬಿಡೇ ಅಕ್ಕಾ” ಎಂದು ಗದರಿಸಿದೆ. ಬಿಟ್ಟರೂ ಅವು ನಿಲ್ಲುವ ಕಣ್ಣುಗಳಲ್ಲ, ಅತ್ತಿತ್ತ ಅದುರುತ್ತಲೇ ಇರುತ್ತವೆ. ನೆಗೆಟಿವ್ ತೊಳೆದು ದೀಪಕ್ಕೆ ಹಿಡಿದೆ. ಅದರಲ್ಲಿ ಬಿಳಿಯೆಲ್ಲ ಕಪ್ಪಲ್ಲವೇ? ಅಕ್ಕನ ಕೂದಲು ಕಾಡಿಗೆಯಂತೆ ಕಂಡಿತು. ಒಂದು ಕ್ಷಣ ಹಿಗ್ಗಿದೆ ಎಂದು ಹೇಳಲು ಈಗ ಸಂಕಟವಾಗುತ್ತದೆ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಹಾಗಾಗಿ ಪ್ರಿಂಟಿನ ಮೇಲೆಯೇ ಸಣ್ಣ ಕುಂಚದಿಂದ ಕೂದಲಿಗೆ ಕಪ್ಪು ಹಚ್ಚಿದೆ, ಪಾಪೆ ತಿದ್ದಿದೆ, ಹುಬ್ಬನ್ನು ನನಗೆ ತೋಚಿದಂತೆ ಬರೆದೆ.

ಅಕ್ಕ ಅದನ್ನು ಕಣ್ಣಿಗೆ ತಾಗಿಸುವಷ್ಟು ಹತ್ತಿರ ಹಿಡಿದು ನೋಡಿದಳು. “ತಮಾ, ಇದು ಯಾರು?”

ಫೋಟೋ ಒಪ್ಪಿ ಮನೆಗೆ ಬಂದವರು ಚಹ ಕುಡಿಯದೆ ಎದ್ದು ಹೋದರು. ಅವರನ್ನು ನಾನು ಬೈಯಲಾರೆ. ಸುಳ್ಳು ಕಳಿಸಿದ್ದು ನಾನು.

ನಮ್ಮ ಕಸುಬು ಇಂಥ ಜನರಿಗೆ ಮಾಡಿದ್ದು ಇದೊಂದೇ ಅಲ್ಲ. ನ್ಯೂಯಾರ್ಕಿನಲ್ಲಿ ಬಾರ್ನಮ್ ಎಂಬ ಪ್ರದರ್ಶನಕಾರ ಹಾಲೆಂಡಿನ ಲುಕಾಸಿ ಕುಟುಂಬವನ್ನು ಟಿಕೆಟ್ಟಿಟ್ಟು ತೋರಿಸಿದ. ಮ್ಯಾಥ್ಯೂ ಬ್ರೇಡಿಯ ಸ್ಟುಡಿಯೋದಲ್ಲಿ ಅವರ ಚಿತ್ರ ತೆಗೆದರು. ಆ ಕಾಲದ ಗಾಜಿನ ಪ್ಲೇಟಿಗೆ ನೀಲಿ ಬಣ್ಣ ಬಿಳಿಯಾಗಿಯೇ ಕಾಣುತ್ತಿತ್ತು. ತಿಳಿನೀಲಿ ಕಣ್ಣಿನವರು ಗಾಜಿನ ಗೋಲಿ ಇಟ್ಟವರಂತೆ ಮೂಡಿಬರುತ್ತಿದ್ದರು. 1911ರಿಂದ 13ರವರೆಗೆ ಲಂಡನ್ನಿನಲ್ಲಿ ಕಾರ್ಲ್ ಪಿಯರ್‌ಸನ್ ಮತ್ತು ಜೊತೆಗಾರರು ಇಂಥವರ ಬಗ್ಗೆ ದೊಡ್ಡ ಗ್ರಂಥವನ್ನೇ ತಂದರು. ಅದರಲ್ಲಿ ಮನುಷ್ಯರೆಲ್ಲ ಮಾದರಿಗಳು. ಆಮೇಲೆ ಬಣ್ಣದ ಫಿಲ್ಮು ಬಂತು, ಕ್ಯಾಮೆರಾದ ಮೇಲೆಯೇ ಫ್ಲ್ಯಾಶ್ ಬಂತು. ಬಣ್ಣ ಕಡಿಮೆಯಿರುವ ಕಣ್ಣಿನೊಳಗೆ ಆ ಬೆಳಕು ನುಗ್ಗಿ, ಹಿಂದಿನ ರಕ್ತನಾಳಗಳ ಕೆಂಪನ್ನು ಹೊತ್ತು ಮರಳುತ್ತದೆ. ಅಕ್ಕನ ಕಣ್ಣು ಬೂದುಮಿಶ್ರಿತ ನೀಲಿ. ಮದುವೆಯ ಆಲ್ಬಮ್ಮುಗಳಲ್ಲಿ ಮಾತ್ರ ಕೆಂಪು. ಇವರಿಗೆಲ್ಲ ಕೆಂಗಣ್ಣು ಎಂಬ ನಂಬಿಕೆಗೆ ನಮ್ಮ ಫ್ಲ್ಯಾಶೂ ನೀರೆರೆದಿದೆ.

ನ್ಯೂಯಾರ್ಕಿನವನೇ ಆದ ರಿಕ್ ಗೈಡೊಟ್ಟಿ ಫ್ಯಾಷನ್ ಫೋಟೋಗ್ರಾಫರ್. ಬಸ್ಸಿಗೆ ಕಾಯುತ್ತಿದ್ದ ಇಂಥ ಒಬ್ಬ ಹುಡುಗಿಯನ್ನು ಕಂಡು, ವೈದ್ಯಕೀಯ ಪುಸ್ತಕಗಳನ್ನು ತೆರೆದರೆ ಅಲ್ಲಿ ಕಂಡದ್ದು ರೋಗಿಗಳ ಚಿತ್ರಗಳು ಮಾತ್ರ. ಅವನು ತೆಗೆದ ಬೇರೆಯೇ ಬಗೆಯ ಭಾವಚಿತ್ರಗಳು 1998ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂದವು. ನಾನು ಅವನ್ನು ನೋಡಿದ್ದು ಬಹಳ ವರ್ಷದ ನಂತರ, ಮಗಳ ಮೊಬೈಲಿನಲ್ಲಿ. ಆ ಹೊತ್ತಿಗೆ ನಾನೂ ಬಲ್ಬುಗಳನ್ನು ಗೋಡೆಯ ಕಡೆ ತಿರುಗಿಸಿ, ಬಿಳಿ ಪಂಚೆ ಇಳಿಬಿಟ್ಟು, ಅದರಿಂದ ಮರಳುವ ಬೆಳಕಿನಲ್ಲಿ ತೆಗೆಯುವುದನ್ನು ಕಲಿತಿದ್ದೆ. “ಕಣ್ಣು ಮುಚ್ಚಿಕೋ, ಮೂರು ಅಂದಾಗ ಬಿಡು.” ಅಷ್ಟೇ. ಶಾಲೆಯ ಅರ್ಜಿಗೆ, ಪಾಸಿಗೆ ಅಂತ ಕಾರವಾರದ ಕಡೆಯಿಂದಲೂ ಅಂಥ ಮಕ್ಕಳು ಬಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧಗಳಿವೆ, ಆಲ್ಬಿನಿಸಂ ಎಂಬ ಹೆಸರು ಅವುಗಳಲ್ಲಿಲ್ಲ. ದೃಷ್ಟಿ ಮಂದ ಎಂದು ಬರೆಸಿಕೊಂಡೇ ಚೀಟಿ ಪಡೆಯಬೇಕು. ಅದು ತಪ್ಪು ಎಂದೇ ನನ್ನ ಅಭಿಪ್ರಾಯ. ಬಿಸಿಲಿಗೆ ಸುಡುವ, ಮುಂದೆ ಕ್ಯಾನ್ಸರಿಗೂ ತಿರುಗಬಹುದಾದ ಚರ್ಮದ ಮಾತು ಆ ಚೀಟಿಯಲ್ಲಿ ಎಲ್ಲಿದೆ?

ವಿಶ್ವಸಂಸ್ಥೆ ಇವರಿಗಾಗಿ ಜೂನ್ 13ನ್ನು ಗೊತ್ತು ಮಾಡಿದೆ, 2015ರಿಂದ ಆಚರಣೆಯಿದೆ. ನಮ್ಮ ಕರಾವಳಿಗೆ ಅದು ಒಳ್ಳೆಯ ತಾರೀಖು. ಅಷ್ಟೊತ್ತಿಗೆ ಮಳೆ ಹಿಡಿದಿರುತ್ತದೆ, ಆಕಾಶವಿಡೀ ಬಿಳಿ ಪಂಚೆ ಕಟ್ಟಿದ ಹಾಗೆ. ಸ್ಟುಡಿಯೋ ಮುಚ್ಚಿದ ಮೇಲಿನ ಒಂದು ಜೂನ್‌ನಲ್ಲಿ, ಜಗುಲಿಯ ಹಳೆಯ ಮರದ ಬಾಗಿಲಿಗೆ ಬೆನ್ನಾಗಿ ಅಕ್ಕನನ್ನು ಕೂರಿಸಿದೆ. ಕಣ್ಣು ಬಿಡು ಎಂದು ಹೇಳಬೇಕಾಗಲಿಲ್ಲ. ತಿದ್ದದೆ ಪ್ರಿಂಟು ಹಾಕಿಸಿ ತಂದೆ. ಅವಳು ಎಂದಿನಂತೆ ಕಣ್ಣಿನ ಹತ್ತಿರ ಹಿಡಿದು, ಮೇಲಿಂದ ಕೆಳಕ್ಕೆ ಸರಿಸುತ್ತ ಬಹಳ ಹೊತ್ತು ನೋಡಿದಳು.

“ತಮಾ, ಇದು ಆಯಿಯ ಹುಬ್ಬು” ಎಂದಳು.