ಸ್ಕಿಜೋಫ್ರೇನಿಯಾದಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರ

ಇಲ್ಲದ ದನಿಗಳು ಕೇಳಿಸುವುದು, ಬುಡವಿಲ್ಲದ ಸಂಶಯ ಬೇರೂರುವುದು, ಯೋಚನೆಯ ಎಳೆ ತಪ್ಪುವುದು, ಮಾತು ಮತ್ತು ಆಸಕ್ತಿ ಕುಗ್ಗುವುದು ಸ್ಕಿಜೋಫ್ರೇನಿಯಾದ ಮುಖ್ಯ ಲಕ್ಷಣಗಳು. ಇದನ್ನು ಬಹುಕಾಲ ಡೋಪಮೈನ್ ಎಂಬ ನರವಾಹಕದ ಏರುಪೇರೆಂದೇ ವಿವರಿಸುತ್ತಿದ್ದರು. ಸೋಂಕಿನ ವಿರುದ್ಧ ಹೋರಾಡುವ ರೋಗನಿರೋಧಕ ವ್ಯವಸ್ಥೆಗೂ ಇದರಲ್ಲಿ ಪಾತ್ರವಿದೆ ಎಂಬುದಕ್ಕೆ ಈಗ ಆಧಾರಗಳು ಸಿಕ್ಕಿವೆ.

ಅನುಮಾನ ಹಳೆಯದು. 1918ರ ಫ್ಲೂ ಪಿಡುಗಿನ ಬಳಿಕ ಕೆಲವು ರೋಗಿಗಳಲ್ಲಿ ಇಂಥದೇ ಚಿತ್ತವಿಕಲತೆ ತಲೆದೋರಿದ್ದನ್ನು ಅಮೆರಿಕದ ಮನೋವೈದ್ಯ ಕಾರ್ಲ್ ಮೆನಿಂಜರ್ ದಾಖಲಿಸಿದರು. 1957ರ ಫ್ಲೂ ಹಾವಳಿಯ ವೇಳೆ ಗರ್ಭದಲ್ಲಿ ನಾಲ್ಕರಿಂದ ಆರು ತಿಂಗಳಿನವರಾಗಿದ್ದವರಿಗೆ ಅಪಾಯ ಹೆಚ್ಚು ಎಂದು 1988ರಲ್ಲಿ ಹೆಲ್ಸಿಂಕಿಯ ಅಧ್ಯಯನವೊಂದು ಹೇಳಿತು. ನಂತರದ ಅಧ್ಯಯನಗಳೆಲ್ಲ ಇದನ್ನು ಎತ್ತಿಹಿಡಿಯಲಿಲ್ಲ. ಬಸುರಿಯಾಗಿದ್ದಾಗ ಜ್ವರ ಬಂದ ತಾಯಂದಿರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಬೆಳೆಯುತ್ತಾರೆ. ಮಗುವಿನ ಕಾಯಿಲೆಗೆ ತಾಯಿಯನ್ನು ದೂರುವುದು ಅನ್ಯಾಯ.

ಹೆಚ್ಚು ಗಟ್ಟಿಯಾದ ಸುಳಿವು ಬಂದದ್ದು ವಂಶವಾಹಿಗಳಿಂದ. ಆರನೆಯ ವರ್ಣತಂತುವಿನಲ್ಲಿ ರೋಗನಿರೋಧಕ ವಂಶವಾಹಿಗಳಿರುವ ಎಂಎಚ್‌ಸಿ ಭಾಗಕ್ಕೂ ಈ ರೋಗಕ್ಕೂ ನಂಟಿದೆ ಎಂದು 2009ರಲ್ಲಿ ತಿಳಿಯಿತು. ಆ ನಂಟಿನ ಒಂದು ಮೂಲ ಸಿ4 ಎಂಬ ವಂಶವಾಹಿ ಎಂದು 2016ರಲ್ಲಿ ಅಮೆರಿಕದ ಸ್ಟೀವನ್ ಮೆಕ್‌ಕ್ಯಾರಲ್, ಬೆತ್ ಸ್ಟೀವನ್ಸ್ ಮತ್ತು ಸಂಗಡಿಗರು ತೋರಿಸಿದರು. ಸಿ4 ಪ್ರೋಟೀನು ರಕ್ತದಲ್ಲಿ ರೋಗಾಣುಗಳಿಗೆ ಗುರುತು ಹಚ್ಚುತ್ತದೆ. ಬೆಳೆಯುವ ಮಿದುಳಿನಲ್ಲಿ ಅದು ನರಕೋಶಗಳ ನಡುವಿನ ಬೇಡದ ಕೊಂಡಿಗಳನ್ನು ತೆಗೆಯಲು ನೆರವಾಗುವುದು ಇಲಿಗಳಲ್ಲಿ ಕಂಡುಬಂದಿದೆ. ಕೊಂಡಿಗಳನ್ನು ನುಂಗಿಹಾಕುವವು ಮೈಕ್ರೋಗ್ಲಿಯಾ ಎಂಬ ಮಿದುಳಿನ ರೋಗನಿರೋಧಕ ಕೋಶಗಳು. ಸಿ4ಎ ಬಗೆ ಅತಿಯಾದರೆ ಬೇಕಾದ ಕೊಂಡಿಗಳೂ ಹೋಗಬಹುದು. ಹದಿಹರೆಯದಲ್ಲಿ ಕೊಂಡಿಗಳನ್ನು ತೆಗೆಯುವ ಈ ಕೆಲಸ ಭರದಿಂದ ಸಾಗುತ್ತದೆ. ಕಾಯಿಲೆ ಹೆಚ್ಚಾಗಿ ಆ ಪ್ರಾಯದ ಆಸುಪಾಸಿನಲ್ಲೇ ಏಕೆ ಶುರುವಾಗುತ್ತದೆ ಎಂಬುದಕ್ಕೆ ಇದು ಸಮಂಜಸವಾದ ವಿವರಣೆ ಆಗಬಹುದು. ಆದರೂ ಸಿ4 ಒಂದರಿಂದಲೇ ಹೆಚ್ಚುವ ಅಪಾಯ ಸಣ್ಣದು.

ಹಲವು ರೋಗಿಗಳ ರಕ್ತದಲ್ಲಿ ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ಅಂಶಗಳು ಹೆಚ್ಚಿರುತ್ತವೆ. ಧೂಮಪಾನ, ಬೊಜ್ಜುಗಳಿಂದಲೂ ಅವು ಏರುವುದರಿಂದ ಎಚ್ಚರ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿಎಚ್-17 ಎಂಬ ರೋಗನಿರೋಧಕ ಕೋಶಗಳ ಪಾತ್ರದ ಬಗ್ಗೆ ಸಂಶೋಧನೆ ನಡೆದಿದೆ.

ಚಿಕಿತ್ಸೆ ಇನ್ನೂ ಈ ಅರಿವಿನ ಹಿಂದಿದೆ. ಉರಿಯೂತ ತಗ್ಗಿಸುವ ಮಿನೋಸೈಕ್ಲಿನ್ ಎಂಬ ಔಷಧದ ಮೇಲೆ ಭರವಸೆಯಿತ್ತು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ. ಆದರೆ ಸ್ಕಿಜೋಫ್ರೇನಿಯಾದಂತೆ ತೋರುವ ಬೇರೊಂದು ಕಾಯಿಲೆಯಲ್ಲಿ ಈ ಅರಿವು ಜೀವ ಉಳಿಸುತ್ತಿದೆ. ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದ ಈ ಮಿದುಳಿನ ಉರಿಯೂತದಲ್ಲಿ, ದೇಹದ್ದೇ ಪ್ರತಿಕಾಯಗಳು ನರಕೋಶಗಳ ಎನ್‌ಎಂಡಿಎ ಗ್ರಾಹಕಗಳ ಮೇಲೆ ಎರಗುತ್ತವೆ. ಇದು ಯುವತಿಯರಲ್ಲಿ ಹೆಚ್ಚು. ಭ್ರಮೆಗಳು ಕೆಲವೇ ದಿನಗಳಲ್ಲಿ ಉಲ್ಬಣಿಸಿ, ಜೊತೆಗೆ ಫಿಟ್ಸ್, ಜ್ವರ, ಬಾಯಿ ಮತ್ತು ಕೈಕಾಲುಗಳ ವಿಚಿತ್ರ ಚಲನೆ ಕಂಡರೆ ಬೆನ್ನುಹುರಿಯ ದ್ರವವನ್ನು ತಡಮಾಡದೆ ಪರೀಕ್ಷಿಸಬೇಕು. ಸ್ಟೀರಾಯ್ಡ್, ಇಮ್ಯುನೋಗ್ಲಾಬ್ಯುಲಿನ್‌ಗಳಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.