ಶಿಳ್ಳೆ, ಸೀಟಿ, ವಿಷಲ್

ಬಾಯಿಂದ ಹೊಮ್ಮಿದರೆ ಶಿಳ್ಳೆ, ಕೈಯಲ್ಲಿ ಹಿಡಿದು ಊದಿದರೆ ಸೀಟಿ ಅಥವಾ ವಿಷಲ್. ಅಡುಗೆಮನೆಯಲ್ಲಿ ಮಾತ್ರ ಕುಕ್ಕರ್ ‘ಕೂಗುತ್ತದೆ’. ಚಿತ್ರಮಂದಿರದಲ್ಲಿ ನಾಯಕ ತೆರೆಗೆ ಬಂದಾಗ ಬೀಳುವ ಶಿಳ್ಳೆ ಮೆಚ್ಚುಗೆ. ಅದನ್ನೇ ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕಂಡು ಹಾಕಿದರೆ ಪೋಲಿತನ. ರಾತ್ರಿ ಹೊತ್ತು ಶಿಳ್ಳೆ ಹಾಕಿದರೆ ಹಾವು ಬರುತ್ತದೆಂದು ಗದರುವ ಅಜ್ಜಿಯರು ಇಂದಿಗೂ ಉಂಟು. ಹಾವಿಗೆ ಹೊರಗಿವಿಯೇ ಇಲ್ಲ ಎಂಬ ವಾದ ಅವರ ಮುಂದೆ ನಡೆಯುವುದಿಲ್ಲ.

ಸೀಟಿಗೆ ಅಧಿಕಾರದ ಗತ್ತು ಬಂದದ್ದು 1880ರ ದಶಕದಲ್ಲಿ. ಅಲ್ಲಿಯವರೆಗೆ ಲಂಡನ್ನಿನ ಪೊಲೀಸರು ನೆರವು ಬೇಕಾದಾಗ ಮರದ ಗಿಲಕಿಯನ್ನು ಕಟಕಟನೆ ತಿರುಗಿಸುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ ತಯಾರಿಸಿದ ಸೀಟಿ ಒಂದು ಮೈಲಿ ದೂರಕ್ಕೂ ಕೇಳಿಸಿತು. ಗಿಲಕಿ ಮೂಲೆ ಸೇರಿತು.

ತಪ್ಪು ಕಂಡೊಡನೆ ಸೀಟಿ ಊದುವ ಪೊಲೀಸ್ ಮತ್ತು ಆಟದ ರೆಫರಿಯ ನೆನಪಿನಿಂದಲೇ ಇಂಗ್ಲಿಷಿನಲ್ಲಿ ‘ವಿಷಲ್ ಬ್ಲೋವರ್’ ಎಂಬ ಮಾತಿಗೆ ಹೊಸ ಅರ್ಥ ಕೂಡಿಕೊಂಡಿತು. ತಾನು ದುಡಿಯುವ ಸಂಸ್ಥೆಯ ಹುಳುಕನ್ನೇ ಹೊರಗೆಡಹುವವನಿಗೆ ಚಾಡಿಕೋರನೆಂಬ ಹಣೆಪಟ್ಟಿ ಅಂಟಿಸುವುದು ಎಲ್ಲ ಕಡೆಯೂ ರೂಢಿ. ಅಮೆರಿಕದ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ 1970ರ ದಶಕದ ಆರಂಭದಲ್ಲಿ ಈ ಪದಕ್ಕೆ ಗೌರವ ತಂದುಕೊಟ್ಟರು. ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ಇನ್ನೂ ನೆಲೆಗೊಂಡಿಲ್ಲ. ಪತ್ರಿಕೆಗಳು ಹೆಚ್ಚಾಗಿ ‘ವಿಷಲ್ ಬ್ಲೋವರ್’ ಎಂದೇ ಬರೆಯುತ್ತವೆ.

ಪದವಿಲ್ಲದಿದ್ದರೇನು, ಅಂಥವರು ನಮ್ಮಲ್ಲೂ ಇದ್ದರು. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ, ಸುವರ್ಣ ಚತುಷ್ಪಥ ಕಾಮಗಾರಿಯ ಅವ್ಯವಹಾರದ ಬಗ್ಗೆ 2002ರಲ್ಲಿ ಪ್ರಧಾನಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿಡಿ ಎಂದು ಕೋರಿದ್ದರೂ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಅಲೆಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ತನಿಖೆ ಅದನ್ನು ದರೋಡೆಯ ಪ್ರಕರಣವೆಂದಿತು, ಹಲವರು ನಂಬಲಿಲ್ಲ.

ಎರಡು ವರ್ಷಗಳ ಬಳಿಕ ಸರದಿ ಕನ್ನಡ ನಾಡಿನ ಮಗನದು. ಕೋಲಾರದ ಕೆಜಿಎಫ್‌ನ ಎಸ್. ಮಂಜುನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದಲ್ಲಿ ಎಂಬಿಎ ಮುಗಿಸಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗಮುದ್ರೆ ಹಾಕಿಸಿದರು. ಬಂಕು ಮತ್ತೆ ತೆರೆದಾಗ ಪರಿಶೀಲಿಸಲು ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ವಯಸ್ಸು 27. ಬಂಕ್ ಮಾಲೀಕನ ಮಗ ಮತ್ತು ಸಹಚರರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು.

ಇಂಥವರ ರಕ್ಷಣೆಗೆಂದು ಸಂಸತ್ತು ರೂಪಿಸಿದ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 2014ರ ಮೇನಲ್ಲಿ. ಜಾರಿಯ ದಿನಾಂಕ ಪ್ರಕಟವಾಗದೆ ವರ್ಷಗಳು ಉರುಳಿದವು. ಕಾಯ್ದೆಯನ್ನು ಮತ್ತಷ್ಟು ಬಿಗಿ ಮಾಡುವ ಬದಲು ಸಡಿಲಿಸುವ ತಿದ್ದುಪಡಿ ಮಸೂದೆಗೆ ಮಾತ್ರ ಲೋಕಸಭೆ 2015ರಲ್ಲೇ ಒಪ್ಪಿಗೆ ನೀಡಿತು. ಅದು ರಾಜ್ಯಸಭೆಯಲ್ಲಿ ಉಳಿದು, 2019ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು.