ತೇಲುಗುಂಡು ಮುಳುಗಿದಾಗ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಎನಿಸಿದವು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆದರೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಕೊಟ್ಟಿಗೆಯ ಮೂಲೆಯಿಂದ ಹೊರಬಂದು ಮರುಜೀವ ಪಡೆಯುವ ಯೆಜ್ಡಿಗಳುಂಟು. ಬಿಚ್ಚಿ ಜೋಡಿಸಿದ ಕಾರ್ಬ್ಯುರೇಟರು ಮೊದಲಿಗಿಂತ ಹೆಚ್ಚು ಸೋರುತ್ತದೆಂಬುದು ಅವುಗಳ ಒಡೆಯರ ದೂರು.

ದೂರು ನಿಜವೇ. ಕಾರ್ಬ್ಯುರೇಟರಿನೊಳಗೆ ಒಂದು ತೇಲುಗುಂಡು ಪೆಟ್ರೋಲಿನೊಡನೆ ಮೇಲೇರಿ, ಸೂಜಿಯೊಂದನ್ನು ಅದರ ಪೀಠಕ್ಕೊತ್ತಿ ದಾರಿ ಮುಚ್ಚಬೇಕು. ದಶಕಗಳ ಕಾಲ ಹಳೆಯ ಸೂಜಿ ಸವೆಸಿದ ಪೀಠದಲ್ಲಿ ಹೊಸ ಸೂಜಿ ಸರಿಯಾಗಿ ಕೂರುವುದಿಲ್ಲ. ಮೂಲ ಬಿಡಿಭಾಗಗಳೋ, ಕಾರ್ಖಾನೆಯೊಡನೆಯೇ ನಿಂತವು. ಇನ್ನು ಹಿತ್ತಾಳೆಯ ಗುಂಡಿಗೆ ಕೂದಲೆಳೆಯಷ್ಟು ತೂತಾದರೂ ಅದು ಪೆಟ್ರೋಲು ಕುಡಿದು ಮುಳುಗುತ್ತದೆ. ಕಿವಿಯ ಬಳಿ ಅಲುಗಿಸಿದರೆ ಒಳಗಿನ ದ್ರವದ ಸದ್ದು ಕೇಳೀತು; ಬಿಸಿನೀರಿನಲ್ಲಿ ಅದ್ದಿದರೆ ತೂತಿನ ಬಳಿ ಗುಳ್ಳೆ ಏಳುತ್ತದೆ. ಒಳಗಿನ ಪೆಟ್ರೋಲನ್ನೂ ಅದರ ಆವಿಯನ್ನೂ ಪೂರ್ತಿ ಹೊರಹಾಕದೆ ಬೆಸುಗೆಗೆ ಕೈಹಾಕಬಾರದು. ಬೆಸುಗೆ ತುಸು ಹೆಚ್ಚಾದರೂ ಗುಂಡು ಭಾರವಾಗಿ ಸೋರಿಕೆ ಉಳಿದೇ ಉಳಿಯುತ್ತದೆ.

ಈಗಂತೂ ಪೆಟ್ರೋಲೇ ಬೇರೆ. 2025ರ ಹೊತ್ತಿಗೆ ಅದರಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಯಿತು. ಅದು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ! ಟ್ಯಾಂಕಿನ ತುಕ್ಕಿನ ಕಣವೊಂದು ಸೂಜಿಯಡಿ ಸಿಕ್ಕಿದರೆ ಸಾಕು, ಇಳಿಜಾರಿನ ಅಂಗಳದಲ್ಲಿ ಓರೆಯಾಗಿ ನಿಂತ ಬಂಡಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಸೌದೆ, ಅಡಕೆ ಹಾಳೆ ತುಂಬಿದ ಕೊಟ್ಟಿಗೆಯಲ್ಲಿ ಇದು ಬೆಂಕಿಯ ಮಾತು.

ಬಂಡಿ ನಿಲ್ಲಿಸಿದೊಡನೆ ಟ್ಯಾಂಕಿನಡಿಯ ನಲ್ಲಿಯನ್ನು ಮುಚ್ಚುವುದು ಅಂದಿನ ಸವಾರರ ರೂಢಿ. ಇಂದಿನ ಮೊಮ್ಮಕ್ಕಳಿಗೆ ಆ ನಲ್ಲಿ ಎಲ್ಲಿದೆಯೆಂದು ತೋರಿಸಿಕೊಡಬೇಕಾಗುತ್ತದೆ.